ನಿಮಿಷಕ್ಕೆ ಮೂವತ್ತೊಂಬತ್ತು

“ಮೂವತ್ತೊಂಬತ್ತಾ?”

ಸೈನ್ಸ್ ಮಿಸ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಾಡಿ ಬಡಿತದ ಚಾರ್ಟನ್ನು ಇನ್ನೊಮ್ಮೆ ನೋಡಿದರು. “ಅಜ್ಜಿ ಎಪ್ಪತ್ತಾರು, ಅಪ್ಪ ಎಂಬತ್ತು, ಅಮ್ಮ ಎಪ್ಪತ್ತನಾಲ್ಕು. ಇದೆಲ್ಲಾ ಸರಿ. ಅಕ್ಕ ಮೂವತ್ತೊಂಬತ್ತು? ಅರ್ಧ ನಿಮಿಷಕ್ಕೇ ಎದ್ದು ಹೋದ್ಯಾ?”

“ಇಲ್ಲ ಮಿಸ್, ಪೂರ್ತಿ ಒಂದು ನಿಮಿಷ ಎಣಿಸಿದೀನಿ” ಎಂದಳು ಗುಂಡಿ.

“ಅವರಕ್ಕ ಆಮೆ ಇರ್ಬೇಕು ಮಿಸ್!” ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಇಡೀ ಕ್ಲಾಸು ಗೊಳ್ಳೆಂದಿತು.

ಗುಂಡಿಗೆ ಬೇರೆ ಹೆಸರು ಇಲ್ಲ ಅಂತಲ್ಲ. ಅಟೆಂಡೆನ್ಸ್ ಪುಸ್ತಕದಲ್ಲಿ ಒಂದು ಉದ್ದನೆಯ ಹೆಸರಿದೆ. ಆದರೆ ಅವಳ ಅಮ್ಮ ಟೈಲರ್. ಇವಳು ಒಂದು ವರ್ಷದವಳಿದ್ದಾಗ ಮಿಷನ್ ಕೆಳಗೆ ಅಂಬೆಗಾಲಿಟ್ಟು ಹೋಗಿ, ಅಂಗಿಯ ಗುಂಡಿಯೊಂದನ್ನು ಗುಳುಂ ಮಾಡಿದ್ದಳಂತೆ. ಗುಂಡಿ ಮಾರನೆಯ ದಿನವೇ ಹೊರಗೆ ಬಂತು. ಹೆಸರು ಮಾತ್ರ ಉಳಿದುಕೊಂಡಿತು.

ಪಕ್ಕದಲ್ಲಿ ಕೂತಿದ್ದ ಗೆಳತಿ ಮಾತ್ರ ನಗಲಿಲ್ಲ. ಅವಳು ಗುಂಡಿಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. “ನಮ್ಮ ತಾತಂಗೂ ಹೀಗೇ ನಲವತ್ತಕ್ಕೆ ಇಳಿದಿತ್ತು ಕಣೇ. ತಲೆ ತಿರುಗಿ ಬಚ್ಚಲಲ್ಲಿ ಬಿದ್ದುಬಿಟ್ರು. ಆಮೇಲೆ ಎದೆ ಒಳಗೆ ಒಂದು ಮಷೀನ್ ಇಟ್ರು.”

ಗುಂಡಿ ಮಿಸ್ ಕೈಯಲ್ಲಿದ್ದ ಚಾರ್ಟನ್ನೇ ನೋಡಿದಳು.

“ಹೋಗಲಿ ಬಿಡು, ಎಣಿಸೋವಾಗ ತಪ್ಪಿರತ್ತೆ” ಎಂದು ಮಿಸ್ ಚಾರ್ಟನ್ನು ವಾಪಸು ಕೊಟ್ಟರು. “ನಾಳೆ ಇನ್ನೊಂದ್ಸಲ ನೋಡ್ಕೊಂಡು ಬಾ.”

ಅಕ್ಕನಿಗೆ ಇಪ್ಪತ್ತು ವರ್ಷ. ಅವಳು ಕಾಲೇಜಿಗೂ ಹೋಗುತ್ತಿದ್ದಳು, ಕೆರೆಗೂ ಹೋಗುತ್ತಿದ್ದಳು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೋಗುತ್ತಿದ್ದಳು ಎಂದು ಕೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಬೆಳಗ್ಗೆ ಎರಡು ಗಂಟೆ ಹೊತ್ತು ದೋಣಿ, ಸಂಜೆ ಭಾರ ಎತ್ತುವುದು, ಭಾನುವಾರ ಗುಡ್ಡ ಹತ್ತಿ ಓಡುವುದು. ಆರು ವರ್ಷದಿಂದ ಇದೇ ಪಾಠ. ಅವಳದು ಇಬ್ಬರು ಕೂರುವ ಸಪೂರ ದೋಣಿ. ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟು. ಅಕ್ಕನ ಹುಟ್ಟು ಎಡಗಡೆ, ಅವಳ ಜೊತೆಗಾತಿಯದು ಬಲಗಡೆ. ಆ ಜೊತೆಗಾತಿ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಅದಕ್ಕೇ ಗುಂಡಿ ಅವಳಿಗೆ ‘ಉದ್ದಕ್ಕ’ ಎಂದು ಹೆಸರಿಟ್ಟಿದ್ದಳು. ಇನ್ನು ಹನ್ನೆರಡು ದಿನಕ್ಕೆ ಇಬ್ಬರಿಗೂ ದೊಡ್ಡ ಟೀಮಿನ ಸೆಲೆಕ್ಷನ್ ಇತ್ತು.

ಸ್ಕೂಲಿನಿಂದ ಬಂದಾಗ ಅಕ್ಕ ಸೋಫಾದ ಮೇಲೆ ಮಲಗಿದ್ದಳು. ಅವಳ ಕಾಲು ಸೋಫಾದ ಕೈ ದಾಟಿ ಗಾಳಿಯಲ್ಲಿ ತೂಗಾಡುತ್ತಿತ್ತು. ಗುಂಡಿ ಬ್ಯಾಗನ್ನು ಸದ್ದಾಗದಂತೆ ಇಳಿಸಿದಳು. ನೆಲದ ಮೇಲೆ ಕೂತು ಅಕ್ಕನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಗೋಡೆ ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬಂತು.

ಒಂದು... ಎರಡು...

ಅಬ್ಬಾ, ಎಷ್ಟು ನಿಧಾನ! ಒಂದು ಬಡಿತ ಬಂದು ಹೋದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಅನ್ನಿಸುವಷ್ಟು ಹೊತ್ತು ಬರೀ ಮೌನ. ಗುಂಡಿ ತನ್ನ ಉಸಿರನ್ನೇ ಬಿಗಿಹಿಡಿದಳು. ಮುಳ್ಳು ಒಂದು ಸುತ್ತು ಮುಗಿಸಿದಾಗ ಲೆಕ್ಕ ನಲವತ್ತಕ್ಕೆ ಬಂದಿತ್ತು.

“ಏನೇ ಇದು?” ಅಕ್ಕ ಕಣ್ಣು ಬಿಟ್ಟು ಕೈ ಎಳೆದುಕೊಂಡಳು.

“ಹೋಂವರ್ಕು. ಮಿಸ್ ಮತ್ತೆ ಎಣಿಸು ಅಂದ್ರು. ನಲವತ್ತೇ ಬಂತು ಅಕ್ಕ!”

ಅಕ್ಕನ ಮುಖ ಒಂದು ಗಳಿಗೆ ಪೆಚ್ಚಾಯಿತು. ಮರುಕ್ಷಣವೇ ನಕ್ಕಳು. “ಎಪ್ಪತ್ತು ಅಂತ ಬರ್ಕೊಂಡು ಹೋಗೇ. ಯಾರು ಬಂದು ನೋಡ್ತಾರೆ?”

“ಅಲ್ಲ, ನನ್ನ ಫ್ರೆಂಡ್ ತಾತಂಗೆ—”

“ನಾನು ತಾತ ಅಲ್ಲ.” ಅಕ್ಕ ಎದ್ದು ಕೂತಳು. ಅವಳ ದನಿ ತಗ್ಗಿತು. “ನೋಡು ಗುಂಡಿ, ಇದನ್ನ ಮನೇಲಿ ಯಾರಿಗೂ ಹೇಳ್ಬೇಡ. ಅಜ್ಜಿ ಕಿವಿಗೆ ಬಿದ್ರೆ ನನ್ನನ್ನ ಕೆರೆ ಕಡೆ ತಲೆ ಹಾಕೋಕೂ ಬಿಡಲ್ಲ. ಆಯ್ತಾ?”

ಗುಂಡಿ ಆಯ್ತು ಎಂದು ತಲೆ ಆಡಿಸಿದಳು. ಅಕ್ಕ ಮಹಡಿ ಮೆಟ್ಟಿಲು ಹತ್ತತೊಡಗಿದಳು. ಅರ್ಧ ಹತ್ತಿ, ಕಂಬಿ ಹಿಡಿದು ನಿಂತಳು. ಒಂದು ತಿಂಗಳಿಂದ ಹೀಗೆಯೇ. ಮೊದಲೆಲ್ಲ ಒಂದೇ ಓಟಕ್ಕೆ ಮೇಲಿರುತ್ತಿದ್ದವಳು ಈಗ ಮಧ್ಯೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಗುಂಡಿ ಅದನ್ನು ನೋಡಿದ್ದಳು. ನೋಡಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ.

ಮಾರನೆಯ ದಿನ ಅವಳು ಚಾರ್ಟಿನಲ್ಲಿ ಎಪ್ಪತ್ತು ಎಂದೇ ಬರೆದುಕೊಂಡು ಹೋದಳು. ಮಿಸ್ ‘ಗುಡ್’ ಎಂದು ಸಹಿ ಹಾಕಿದರು. ಆ ಗುಡ್ ನೋಡಿದಾಗಿನಿಂದ ಗುಂಡಿಗೆ ಊಟ ಸೇರಲಿಲ್ಲ.

ಸಂಜೆ ಅಜ್ಜಿ ಎಂದಿನಂತೆ ಅಮ್ಮನ ಅಂಗಡಿಯ ಮೂಲೆಯಲ್ಲಿ ಬಟ್ಟೆಗಳ ಅಂಚು ಮಡಚಿ ಹೆಮ್ಮಿಂಗ್ ಮಾಡುತ್ತ ಕೂತಿದ್ದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಸೂಜಿಗೆ ದಾರ ಪೋಣಿಸಿಕೊಡುವುದು ಗುಂಡಿಯ ಕೆಲಸ. ಇವತ್ತು ದಾರದ ತುದಿಯನ್ನು ನಾಲ್ಕು ಸಲ ನಾಲಿಗೆಗೆ ಒತ್ತಿದರೂ ಅದು ಸೂಜಿಯೊಳಗೆ ಹೋಗಲೊಲ್ಲದು.

“ಏನೇ, ಕಣ್ಣು ನಂದು ಹೋಗಿರೋದೋ ನಿಂದೋ?” ಎಂದರು ಅಜ್ಜಿ. ಆಮೇಲೆ ಅವಳ ಮುಖ ನೋಡಿದರು. “ಯಾಕೆ ಮಗಾ? ಏನಾಯ್ತು?”

ಅಷ್ಟು ಸಾಕಾಯಿತು. ಗುಂಡಿಗೆ ಅಳು ಒತ್ತರಿಸಿಕೊಂಡು ಬಂತು. ಅಳುವಿನ ಜೊತೆಗೆ ಮೂವತ್ತೊಂಬತ್ತು, ನಲವತ್ತು, ತಾತ, ಮಷೀನು, ಮೆಟ್ಟಿಲು ಎಲ್ಲವೂ ಬಂದವು.

ಅಮ್ಮನ ಮಿಷನ್ ತಟ್ಟನೆ ನಿಂತುಹೋಯಿತು.

ಒಂದು ಗಂಟೆಯೊಳಗೆ ನಾಲ್ವರೂ ರಸ್ತೆ ತುದಿಯ ಕ್ಲಿನಿಕ್ಕಿನಲ್ಲಿದ್ದರು. ಡಾಕ್ಟರು ಅಕ್ಕನ ಎದೆಗೂ ಕೈಕಾಲಿಗೂ ವೈರ್ ಸಿಕ್ಕಿಸಿ ಇಸಿಜಿ ತೆಗೆದರು. ಉದ್ದನೆಯ ಕಾಗದ ಗೆರೆ ಗೆರೆಯಾಗಿ ಹೊರಬಂತು. ಅದನ್ನು ಅವರು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿದರು.

“ಇದನ್ನ ನೋಡಿದ್ರೆ ಹೃದಯ ಸ್ವಲ್ಪ ದೊಡ್ಡದಾಗಿರೋ ಹಾಗಿದೆ. ಬಡಿತಾನೂ ಕಡಿಮೆ. ಆಟ ಆಡಿ ಹೀಗಾಗಿದ್ಯೋ, ಕಾಯಿಲೆಯಿಂದ ಆಗಿದ್ಯೋ ನಾನು ಹೇಳೋಕಾಗಲ್ಲ. ಸೋಮವಾರ ಹೃದಯದ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೂ ದೋಣಿ ಹತ್ತೋ ಹಾಗಿಲ್ಲಮ್ಮ.”

“ಸೆಲೆಕ್ಷನ್ ಇದೆ ಡಾಕ್ಟ್ರೇ” ಎಂದಳು ಅಕ್ಕ.

“ಇರ್ಲಿ. ಒಂದು ದಿನಾನೂ ಬೇಡ.”

ಮನೆಗೆ ಬಂದವಳೇ ಅಕ್ಕ ಮಹಡಿ ಹತ್ತಿದಳು. ಮಹಡಿ ಕೋಣೆಯಲ್ಲಿ ಇಬ್ಬರೇ ಆದಾಗ ಒಂದೇ ಮಾತು ಅಂದಳು. “ನಿಂಗೆ ಗುಂಡಿ ಅಂತ ಯಾರು ಹೆಸರಿಟ್ರೋ. ನೀನು ತೂತು. ಏನು ಹಾಕಿದ್ರೂ ನಿಲ್ಲಲ್ಲ.”

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಬೈದು ಹೊಡೆದಿದ್ದರೂ ಗುಂಡಿಗೆ ಇಷ್ಟು ನೋಯುತ್ತಿರಲಿಲ್ಲ. ಮರುದಿನವೂ ಮಾತಿಲ್ಲ, ಅದರ ಮರುದಿನವೂ ಇಲ್ಲ. ಅಕ್ಕ ಕಿಟಕಿ ಪಕ್ಕ ಕೂತು ರಸ್ತೆ ನೋಡುತ್ತಿದ್ದಳು. ಉದ್ದಕ್ಕ ಒಂದು ದಿನ ಬಂದು, ಒಳಗೂ ಬರದೆ ಬಾಗಿಲಲ್ಲೇ ನಿಂತಳು.

“ಬೇರೆಯವರ ಜೊತೆ ಕೂತ್ಕೊ ಅಂದ್ರು ಕೋಚು. ನಾನು ಒಲ್ಲೆ ಅಂದೆ” ಎಂದಳು. ಗುಂಡಿಯನ್ನು ನೋಡಿ ನಗಲು ನೋಡಿದಳು. “ಒಂದೇ ಹುಟ್ಟು ಹಾಕಿದ್ರೆ ನಮ್ಮ ದೋಣಿ ಮುಂದಕ್ಕೆ ಹೋಗಲ್ಲ ಗೊತ್ತಾ? ಇದ್ದಲ್ಲೇ ಗಿರಕಿ ಹೊಡೆಯುತ್ತೆ.”

ನಗು ಅರ್ಧಕ್ಕೇ ನಿಂತಿತು. ಗುಂಡಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಹೇಳದೆ ಇದ್ದಿದ್ದರೆ? ಹೇಳದೆ ಇದ್ದು, ಅಕ್ಕ ಕೆರೆಯ ಮಧ್ಯದಲ್ಲಿ ತಲೆ ತಿರುಗಿ ಬಿದ್ದಿದ್ದರೆ? ಎರಡೂ ಯೋಚನೆಗಳು ಅವಳನ್ನು ಆಚೆಯಿಂದೊಮ್ಮೆ ಈಚೆಯಿಂದೊಮ್ಮೆ ಹಿಡಿದು ಜಗ್ಗಿದವು.

ಸೋಮವಾರ ಅಮ್ಮ ಅಂಗಡಿ ಮುಚ್ಚಿದರು. ಅಪ್ಪ ಸಿಟಿ ಬಸ್ ಡ್ರೈವರ್. ಆ ದಿನ ಅವರಿಗೆ ರಜೆ ಸಿಗಲಿಲ್ಲ. “ನಾನೂ ಬರೋಳೇ” ಎಂದು ಅಜ್ಜಿ ಹಟ ಹಿಡಿದರು. ಮನೆಯಲ್ಲಿ ಒಬ್ಬಳೇ ಆಗುತ್ತಾಳೆ ಎಂದು ಗುಂಡಿಯೂ ಹೊರಟಳು.

ಆಸ್ಪತ್ರೆಯ ಉದ್ದನೆಯ ಓಣಿಯಂಥ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಅಮ್ಮ ಚೀಟಿ ಮಾಡಿಸಲು ಕೌಂಟರಿಗೆ ಹೋದರು. ಗುಂಡಿಯೂ ಅಕ್ಕನೂ ಅಕ್ಕಪಕ್ಕ ಕೂತಿದ್ದರು. ನರ್ಸ್ ಬಂದು ಅಕ್ಕನ ಹೆಸರು ಕೂಗಿದಳು. ಅಕ್ಕ ಏಳಲಿಲ್ಲ. ಅವಳ ಕೈ ಕುರ್ಚಿಯ ಕೆಳಗಿನಿಂದ ಬಂದು ಗುಂಡಿಯ ಕೈಯನ್ನು ಹಿಡಿಯಿತು. ಹುಟ್ಟು ಹಿಡಿದು ಹಿಡಿದು ಗಂಟು ಕಟ್ಟಿದ ಒರಟು ಅಂಗೈ ಅದು. ಈಗ ಬೆವರಿನಿಂದ ತೊಯ್ದು ತಣ್ಣಗಾಗಿತ್ತು.

“ಬಾ” ಎಂದಳು ಅಕ್ಕ. ಐದು ದಿನದಲ್ಲಿ ಅದೇ ಮೊದಲ ಮಾತು.

ಡಾಕ್ಟರು ಹೆಂಗಸು, ಅಮ್ಮನಿಗಿಂತ ದೊಡ್ಡವರು. ಬೆಳ್ಳಗಿನ ಮೋಟು ಕೂದಲು. ಅಕ್ಕನನ್ನು ಎಡಮಗ್ಗುಲಾಗಿ ಮಲಗಿಸಿ, ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಅದರ ಮೇಲೆ ಒಂದು ಚಿಕ್ಕ ಉಪಕರಣ ಆಡಿಸಿದರು. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಏನೋ ಅಲುಗಾಡಿತು.

“ಇಲ್ಲಿ ಬಾ ಪುಟ್ಟ, ನೋಡು. ಇದೇ ನಿಮ್ಮಕ್ಕನ ಹೃದಯ.”

ಗುಂಡಿ ಬಾಯಿ ಬಿಟ್ಟುಕೊಂಡು ನೋಡಿದಳು. ಕಪ್ಪನೆಯ ಕೋಣೆ, ಸುತ್ತ ಬೂದು ಗೋಡೆ. ಗೋಡೆ ಒಳಕ್ಕೆ ಒತ್ತಿ ಬರುತ್ತಿತ್ತು, ಮತ್ತೆ ಆರಾಮಾಗಿ ಹಿಗ್ಗುತ್ತಿತ್ತು. ಎರಡು ಪುಟ್ಟ ಬಾಗಿಲು ತೆರೆದು ಮುಚ್ಚುತ್ತಿದ್ದವು. ಯಾವ ಅವಸರವೂ ಇರಲಿಲ್ಲ.

“ದೊಡ್ಡದಾಗಿದ್ಯಾ ಡಾಕ್ಟರ್?” ಎಂದು ಕೇಳಿದಳು.

“ಹೂಂ, ದೊಡ್ಡದೇ. ಆದ್ರೆ ಯಾಕೆ ಅನ್ನೋದು ಮುಖ್ಯ. ಇನ್ನೂ ಒಂದೆರಡು ಟೆಸ್ಟ್ ಮಾಡೋಣ.”

ಮೊದಲು ತೋಳಿನಿಂದ ಸ್ವಲ್ಪ ರಕ್ತ ತೆಗೆದುಕೊಂಡು, ಒಂದು ಕೊಳವೆಗೆ ಊದಿಸಿದರು. ಅಕ್ಕ ಎದೆ ತುಂಬ ಗಾಳಿ ಎಳೆದುಕೊಂಡು ಊದಿದಳು, ಊದಿದಳು, ಊದುತ್ತಲೇ ಇದ್ದಳು. “ಸಾಕು ಬಿಡೇ, ಕಣ್ಣುಗುಡ್ಡೆ ಆಚೆ ಬಂದಾವು!” ಎಂದು ಅಜ್ಜಿ ಗಾಬರಿಯಾದರು. ಐದು ಲೀಟರ್ ಗಾಳಿ ಎಂದು ಮಷೀನ್ ತೋರಿಸಿತು. ಗುಂಡಿಯೂ ಆಸೆಪಟ್ಟು ಊದಿದಳು. ಎರಡು ಲೀಟರಿಗೇ ಕೆಮ್ಮು ಬಂತು.

ಆಮೇಲೆ ಮುಖಕ್ಕೆ ಮಾಸ್ಕ್ ಕಟ್ಟಿ, ಮೈಗೆಲ್ಲ ವೈರ್ ಅಂಟಿಸಿ, ನಿಂತಲ್ಲೇ ನಿಂತ ಸೈಕಲ್ ಮೇಲೆ ಅಕ್ಕನನ್ನು ಹತ್ತಿಸಿದರು. ಪರದೆಯ ಮೇಲೆ ಅವಳ ಬಡಿತದ ಲೆಕ್ಕ ಓಡತೊಡಗಿತು. ಅರವತ್ತು, ತೊಂಬತ್ತು, ನೂರ ಮೂವತ್ತು. ಪೆಡಲ್ ಭಾರವಾಗುತ್ತಾ ಹೋಯಿತು. ಅಕ್ಕನ ಕುತ್ತಿಗೆಯ ನರ ಉಬ್ಬಿತು, ಬೆವರು ಗಲ್ಲದಿಂದ ತೊಟ್ಟಿಕ್ಕಿತು. ನೂರ ಎಂಬತ್ತೆಂಟು! ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

“ಸಾಕು, ನಿಲ್ಸು” ಎಂದರು ಡಾಕ್ಟರು. “ಈಗ ಎಲ್ಲರೂ ನಂಬರ್ ನೋಡ್ತಾ ಇರಿ.”

ನೂರ ಎಂಬತ್ತೆಂಟು ಇದ್ದದ್ದು ನೂರ ಅರವತ್ತಕ್ಕೆ ಇಳಿಯಿತು. ನೂರ ನಲವತ್ತು. ನೂರ ಇಪ್ಪತ್ತು. ಯಾರೋ ಮೆಟ್ಟಿಲು ಇಳಿದು ಬಂದ ಹಾಗೆ, ಎಲ್ಲೂ ಎಡವದೆ, ಸರಸರನೆ.

ಡಾಕ್ಟರು ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರು. ಮಾತು ಮಾತ್ರ ಗುಂಡಿಯ ಕಡೆ ತಿರುಗಿ ಆಡಿದರು.

“ಒಂದು ಡ್ರಮ್ ನೀರು ತುಂಬಬೇಕು ಅನ್ಕೋ. ನಿನ್ನ ಹತ್ರ ಚೊಂಬಿದೆ, ನಿಮ್ಮಕ್ಕನ ಹತ್ರ ಬಕೆಟ್ ಇದೆ. ಯಾರು ಹೆಚ್ಚು ಸಲ ಓಡಾಡಬೇಕು?”

“ನಾನು.”

“ಅಷ್ಟೇ. ಆರು ವರ್ಷ ದಿನಾ ದುಡಿದೂ ದುಡಿದೂ ಇವಳ ಹೃದಯ ಬಕೆಟ್ ಆಗಿದೆ. ಒಂದು ಸಲ ಒತ್ತಿದ್ರೆ ಜಾಸ್ತಿ ರಕ್ತ ಹೋಗುತ್ತೆ. ಅದಕ್ಕೇ ಸುಮ್ನೆ ಕೂತಾಗ ಮೂವತ್ತೊಂಬತ್ತು ಸಲ ಒತ್ತಿದ್ರೆ ಸಾಕು. ಕಾಯಿಲೆ ಬಂದ ಹೃದಯಾನೂ ದೊಡ್ಡದಾಗಬಹುದು. ಆದ್ರೆ ಅದು ಸೋತು ದೊಡ್ಡದಾಗಿರುತ್ತೆ, ಗಟ್ಟಿಯಾಗಿ ಒತ್ತೋಕಾಗಲ್ಲ. ಇದು ನೋಡು, ಹೇಗೆ ಒತ್ತುತ್ತೆ!”

“ಶ್ವಾಸಕೋಶಾನೂ ಬೆಳೆದಿದ್ಯಾ?” ಎಂದಳು ಗುಂಡಿ.

“ಅದು ಹೃದಯದಷ್ಟು ಬೆಳೆಯಲ್ಲ. ಇವಳು ಎತ್ತರ ಇದ್ದಾಳೆ, ಹುಟ್ಟಿನಿಂದಲೇ ದೊಡ್ಡದು ಸಿಕ್ಕಿದೆ. ಆದ್ರೆ ಗಾಳಿ ಎಳೆಯೋ ಸ್ನಾಯುಗಳು ಗಟ್ಟಿಯಾಗಿವೆ, ಬೇಗ ಸುಸ್ತಾಗಲ್ಲ.”

“ಮತ್ತೆ ಆ ಕ್ಲಿನಿಕ್ ಡಾಕ್ಟ್ರು ಸುಮ್ನೆ ಹೆದರಿಸಿದ್ರಾ?” ಅಜ್ಜಿಯ ದನಿ ಏರಿತು.

“ಇಲ್ಲಮ್ಮ, ಅವರು ಮಾಡಿದ್ದು ಸರಿ. ಆಟಗಾರರ ಹೃದಯ ಎಷ್ಟು ದೊಡ್ಡದಿದ್ರೆ ಸರಿ ಅಂತ ಮೊದಮೊದಲು ಅಳೆದು ಬರೆದಿಟ್ಟಿದ್ದೆಲ್ಲ ಹೆಚ್ಚಾಗಿ ಗಂಡಸರದ್ದು. ಹೆಂಗಸರನ್ನ ಅಳೆಯೋಕೆ ಶುರು ಮಾಡಿದ್ದೇ ತಡವಾಗಿ. ಹೆಂಗಸರ ಹೃದಯ ಮೊದಲೇ ಸ್ವಲ್ಪ ಚಿಕ್ಕದು, ಬೆಳೆಯೋ ರೀತೀನೂ ಸ್ವಲ್ಪ ಬೇರೆ. ಅದಕ್ಕೇ ಎಷ್ಟೋ ಸಲ ಅನುಮಾನ ಬರುತ್ತೆ.”

ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಗಂಡಸಿನ ಅಳತೆಗೆ ಹೊಲಿದ ಅಂಗಿ ನಮಗೆ ತೊಡಿಸಿ, ನಿನ್ನ ಭುಜಾನೇ ಸರಿ ಇಲ್ಲ ಅಂದ ಹಾಗಾಯ್ತು ಬಿಡಿ.”

ಡಾಕ್ಟರು ಮನಸಾರೆ ನಕ್ಕರು. ಆಮೇಲೆ ಇನ್ನೊಂದು ಕಾಗದ ಎತ್ತಿಕೊಂಡರು. “ಆದ್ರೆ ಒಂದು ವಿಷಯ ಇದೆ. ರಕ್ತದಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ ಆಗಿದೆ. ಇಷ್ಟು ಕಷ್ಟಪಟ್ಟು ಪ್ರಾಕ್ಟೀಸ್ ಮಾಡೋ ಹುಡುಗೀರಿಗೆ ಹೀಗಾಗೋದುಂಟು. ಈಚೆಗೆ ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತಾ?”

ಅಕ್ಕ ನೆಲ ನೋಡಿದಳು. “ಬರ್ತಿತ್ತು.”

“ಮೂರು ತಿಂಗಳು ಮಾತ್ರೆ ತಗೋ. ನಾಳೆಯಿಂದ ದೋಣಿ ಹತ್ತಬಹುದು. ಸುಸ್ತಾದ್ರೆ ಮಾತ್ರ ಬಚ್ಚಿಡಬೇಡ. ಇನ್ನೂ ಹೀಗೇ ಮುಂದುವರಿಸಿದ್ದಿದ್ರೆ ಹಾಸಿಗೆ ಹಿಡೀತಿದ್ದೆ. ಅಂದ ಹಾಗೆ, ನಾಡಿ ಎಣಿಸಿದ್ದು ಯಾರು?”

ಗುಂಡಿ ಅಮ್ಮನ ಹಿಂದೆ ಸರಿದಳು. ಅಕ್ಕ ಅವಳನ್ನು ತೋಳು ಹಿಡಿದು ಮುಂದಕ್ಕೆ ಎಳೆದಳು. “ಇವಳೇ.”

ಮಾತ್ರೆ ತರಲು ಅಮ್ಮನೂ ಅಜ್ಜಿಯೂ ಹೋದಾಗ ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು.

“ನಿನ್ನ ಮೇಲೆ ಸಿಟ್ಟಲ್ಲ ಕಣೇ” ಎಂದಳು ಅಕ್ಕ. “ನಾನೂ ಎಣಿಸ್ಕೊತಿದ್ದೆ. ಎರಡು ತಿಂಗಳಿಂದ, ಯಾರೂ ಇಲ್ಲದಿದ್ದಾಗ. ನಲವತ್ತೊಂದು, ಮೂವತ್ತೆಂಟು ಅಂತ ಬರ್ತಿತ್ತು. ಯಾರನ್ನಾದ್ರೂ ಕೇಳೋಣ ಅಂದ್ರೆ, ಕೇಳಿದ್ರೆ ನಿಲ್ಸು ಅಂತಾರಲ್ಲ ಅಂತ ಭಯ. ನೀನು ನಲವತ್ತು ಅಂದಾಗ ನಂಗೆ ಕೈಕಾಲು ತಣ್ಣಗಾಗಿ ಹೋಯ್ತು.”

ಗುಂಡಿ ಅಕ್ಕನನ್ನೇ ನೋಡಿದಳು. ಈ ಎತ್ತರದ, ಈ ಗಟ್ಟಿ ತೋಳಿನ ಅಕ್ಕನಿಗೂ ಭಯವಾಗುತ್ತದೆ ಎಂದು ಅವಳಿಗೆ ಇಷ್ಟು ದಿನ ತೋಚಿಯೇ ಇರಲಿಲ್ಲ.

“ತೂತು ಅಂದ್ಯಲ್ಲ” ಎಂದಳು.

“ಅಂದೆ. ತಪ್ಪಾಯ್ತು.”

“ಒಂದು ಐಸ್‌ಕ್ರೀಂ ಕೊಡಿಸಿದ್ರೆ ಮರೆತುಬಿಡ್ತೀನಿ.”

ಮರುದಿನ ಗುಂಡಿ ಸೈನ್ಸ್ ಮಿಸ್ ಹತ್ತಿರ ಹೋಗಿ, ಎಪ್ಪತ್ತು ಸುಳ್ಳು ಎಂದು ಒಪ್ಪಿಕೊಂಡು, ಅದನ್ನು ಹೊಡೆದು ಹಾಕಿದಳು. ಬಕೆಟ್ಟಿನ ವಿಷಯವನ್ನೆಲ್ಲ ಹೇಳಿದಳು. ಮಿಸ್ ಪೂರ್ತಿ ಕೇಳಿಸಿಕೊಂಡರು. “ನೀನು ಮೊದಲನೇ ಸಲಾನೇ ಸರಿಯಾಗಿ ಎಣಿಸಿದ್ದೆ. ನಾನೇ ನಂಬಲಿಲ್ಲ” ಎಂದರು.

ಸೆಲೆಕ್ಷನ್ ದಿನ ಅಜ್ಜಿಯೂ ಕೆರೆಗೆ ಬಂದರು. ಆರು ವರ್ಷದಲ್ಲಿ ಅದೇ ಮೊದಲು. ದೂರದಲ್ಲಿ ದೋಣಿಗಳು ನೀರಿನ ಮೇಲೆ ಓಡುವ ಹುಳುಗಳಂತೆ ಕಂಡವು. ಬರಬರುತ್ತ ಹುಟ್ಟುಗಳ ಸದ್ದು ಕೇಳಿಸಿತು, ಆಮೇಲೆ ಉಸಿರಿನ ಸದ್ದು. ಅಕ್ಕನೂ ಉದ್ದಕ್ಕನೂ ಒಟ್ಟಿಗೆ ಬಾಗಿ, ಒಟ್ಟಿಗೆ ಎಳೆಯುತ್ತಿದ್ದರು. ಮೊದಲ ಎರಡು ದೋಣಿ ದಾಟಿದವು. ಮೂರನೆಯದು ಅಕ್ಕನದು. ಒಂದೇ ಒಂದು ಎಳೆತದಷ್ಟು ಹಿಂದೆ.

ಟೀಮಿಗೆ ಎರಡೇ ದೋಣಿ.

ಗೆರೆ ದಾಟಿದ ಅಕ್ಕ ಹುಟ್ಟಿನ ಮೇಲೆ ಹಾಗೇ ಕುಸಿದಳು. ಅವಳ ಬೆನ್ನು ತಿದಿಯಂತೆ ಏರಿ ಇಳಿಯುತ್ತಿತ್ತು.

“ಅಯ್ಯೋ, ಏನಾಯ್ತೇ ಅವಳಿಗೆ! ಯಾರಾದ್ರೂ ಹೋಗ್ರೋ!” ಅಜ್ಜಿ ದಡಬಡ ಎದ್ದರು.

ಗುಂಡಿ ಅವರ ಕೈ ಹಿಡಿದು ಕೂರಿಸಿದಳು. “ಸ್ವಲ್ಪ ತಡಿ ಅಜ್ಜಿ. ಈಗ ಇಳಿಯುತ್ತೆ ನೋಡು.”

ಇಳಿಯಿತು. ಒಂದು ನಿಮಿಷದಲ್ಲಿ ಅಕ್ಕ ತಲೆ ಎತ್ತಿದಳು. ಇಬ್ಬರೂ ದೋಣಿಯನ್ನು ದಡಕ್ಕೆ ತಂದು, ಹೆಗಲ ಮೇಲೆ ಹೊತ್ತು ಶೆಡ್ಡಿಗೆ ಇಟ್ಟು ಬಂದರು. ಉದ್ದಕ್ಕ ಅವಳ ಬೆನ್ನು ತಟ್ಟಿ ಹೋದಳು. ಅಕ್ಕ ನೀರಿನ ಮೇಲಕ್ಕೆ ಚಾಚಿದ್ದ ಹಲಗೆ ಕಟ್ಟೆಯ ತುದಿಯಲ್ಲಿ ಕೂತು ಕಾಲನ್ನು ನೀರಿಗೆ ಇಳಿಬಿಟ್ಟಳು.

ಗುಂಡಿ ಹತ್ತಿರ ಹೋದಳು. “ಆ ಐದು ದಿನ ಪ್ರಾಕ್ಟೀಸ್ ತಪ್ಪಿತಲ್ಲ, ಅದಕ್ಕಾ ಅಕ್ಕ?”

“ಅಲ್ಲ ಕಣೇ. ಅವರು ನಮಗಿಂತ ಚೆನ್ನಾಗಿ ಹುಟ್ಟು ಹಾಕಿದ್ರು.” ಅಕ್ಕ ಕಾಲಿನಿಂದ ನೀರನ್ನು ಕದಡಿದಳು. “ಮುಂದಿನ ವರ್ಷ ಇನ್ನೊಂದಿದೆ.”

ಅವಳ ದನಿ ಸರಿಯಾಗಿಯೇ ಇತ್ತು. ಉಸಿರೂ ಆಗಲೇ ಸರಾಗವಾಗಿತ್ತು. ಆದರೆ ಅವಳು ನೀರಿನಿಂದ ಕಣ್ಣು ತೆಗೆಯಲೇ ಇಲ್ಲ. ಗಲ್ಲದ ಮೇಲಿಂದ ಒಂದು ಹನಿ ಜಾರಿತು, ಅದು ಬೆವರಲ್ಲ.

ಗುಂಡಿ ಚಪ್ಪಲಿ ಬಿಚ್ಚಿಟ್ಟು ಪಕ್ಕದಲ್ಲಿ ಕೂತಳು. ಅವಳ ಕಾಲು ನೀರಿಗೆ ಎಟುಕಲಿಲ್ಲ.

“ಏನಂತಾಳೇ?” ಅಜ್ಜಿ ದಡದಿಂದ ಕೂಗಿದರು. “ಸುಧಾರಿಸ್ಕೊಂಡ್ಲಾ? ಹೊರಡೋಣ್ವಾ?”

ಗುಂಡಿ ಅಕ್ಕನ ಮುಖವನ್ನು ಒಮ್ಮೆ ನೋಡಿದಳು.

“ಇನ್ನೂ ಇಲ್ಲ ಅಜ್ಜಿ” ಎಂದಳು. “ಸ್ವಲ್ಪ ಹೊತ್ತು ಬೇಕು.”